ನಾಣ್ಯ ಒಂದು, ಬೊಕ್ಕಸ ಹಲವು

ಕಾಸ್ಟೆಲೊರೀಜೊ ಅಂತ ಒಂದು ಪುಟ್ಟ ದ್ವೀಪ ಇದೆ. ಗ್ರೀಸ್ ದೇಶದ ಪೂರ್ವದ ಕಟ್ಟಕಡೆಯ ತುದಿ ಅದು, ಎದುರಿಗೇ ಟರ್ಕಿಯ ದಡ ಕಾಣುತ್ತದೆ. 2010ರ ಏಪ್ರಿಲ್ 23ರಂದು ಗ್ರೀಸಿನ ಪ್ರಧಾನಿ ಜಾರ್ಜ್ ಪಾಪಂಡ್ರೆಯು ಅಲ್ಲಿನ ಬಂದರಿಗೆ ಬೆನ್ನು ಮಾಡಿ ನಿಂತು ಟೀವಿಯಲ್ಲಿ ಮಾತಾಡಿದರು. ಹಿಂದೆ ನೀಲಿ ನೀರು, ಬಣ್ಣ ಬಣ್ಣದ ಮನೆಗಳು. ಮಾತು ಕೇಳಿಸದೆ ಬರೀ ಚಿತ್ರ ನೋಡಿದರೆ ಪ್ರವಾಸೋದ್ಯಮದ ಜಾಹೀರಾತು ಅಂದುಕೊಳ್ಳಬೇಕು. ಅವರು ಹೇಳಿದ್ದು ಮಾತ್ರ ಇಷ್ಟು: ದೇಶದ ಕೈ ಖಾಲಿಯಾಗಿದೆ, ಯುರೋಪಿನ ದೇಶಗಳನ್ನೂ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಅನ್ನೂ ಸಾಲ ಕೇಳುತ್ತಿದ್ದೇವೆ. ಊರು ಸೇರಲು ವರ್ಷಗಟ್ಟಲೆ ಸಮುದ್ರ ಅಲೆದ ಪುರಾಣದ ರಾಜ ಒಡಿಸ್ಸಿಯಸ್‌ನನ್ನು ನೆನಪಿಸಿ, ಅವನ ಊರಾದ ಇಥಾಕಾಗೆ ದಾರಿ ಯಾವುದು ಅಂತ ನಮಗೀಗ ಗೊತ್ತಿದೆ ಎಂದೂ ಸೇರಿಸಿದರು.

ದಾರಿ ಎಂಟು ವರ್ಷ ಹಿಡಿಯಿತು. 2018ರ ಆಗಸ್ಟ್‌ನಲ್ಲಿ ಬೇರೊಬ್ಬ ಪ್ರಧಾನಿ, ಅಲೆಕ್ಸಿಸ್ ಸಿಪ್ರಾಸ್, ನಿಜವಾಗಿಯೂ ಇಥಾಕಾ ದ್ವೀಪಕ್ಕೇ ಹೋಗಿ ನಿಂತು ಸಾಲದ ಕಾರ್ಯಕ್ರಮ ಮುಗಿಯಿತು ಅಂತ ಘೋಷಿಸಿದರು. ಅಷ್ಟರಲ್ಲಿ ದೇಶದ ಉತ್ಪಾದನೆಯ ಕಾಲು ಭಾಗ ಕರಗಿ ಹೋಗಿತ್ತು. ಯುದ್ಧ ಇಲ್ಲದೆ, ಭೂಕಂಪ ಇಲ್ಲದೆ.

ಆ ಎಂಟು ವರ್ಷದ ಸುದ್ದಿಯನ್ನು ನಾನು ಸ್ವಲ್ಪ ಹುಚ್ಚು ಹಿಡಿದವರ ಹಾಗೆ ಓದುತ್ತಿದ್ದೆ. ಸುತ್ತಲಿನವರಿಗೆ ಹೇಳಿದರೆ ಬರುತ್ತಿದ್ದ ಉತ್ತರ ಒಂದೇ. "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು, ಚಾಚಲಿಲ್ಲ, ಅನುಭವಿಸಲಿ." ಸಾಲ ಮಾಡಿದವನು ತೀರಿಸಬೇಕು. ಇದರಲ್ಲಿ ಅರ್ಥಶಾಸ್ತ್ರ ಏನು ಬಂತು ಅನ್ನೋ ಧಾಟಿ.

ಆ ಮಾತಿನಲ್ಲಿ ಸುಳ್ಳಿಲ್ಲ. ಗ್ರೀಸಿನ ಸರಕಾರಗಳು ಲೆಕ್ಕ ಮುಚ್ಚಿಟ್ಟಿದ್ದವು. ಯುರೋಪಿನ ಹಲವು ದೇಶಗಳು ಹಂಚಿಕೊಂಡ ನಾಣ್ಯವಾದ ಯೂರೋ ಸೇರಬೇಕಾದರೆ ಬಜೆಟ್ ಕೊರತೆ ಜಿಡಿಪಿಯ ಶೇ. 3ರ ಒಳಗಿರಬೇಕು, ಸಾಲ ಶೇ. 60ರ ಒಳಗೆ ಅಥವಾ ಅದರ ಕಡೆಗೆ ಇಳಿಯುತ್ತಿರಬೇಕು ಅಂತ 1992ರ ಮಾಸ್ಟ್ರಿಕ್ಟ್ ಒಪ್ಪಂದದ ಷರತ್ತು. 2001ರಲ್ಲಿ ಗ್ರೀಸ್ ಒಳಗೆ ಬಂತು. ಅದೇ ವರ್ಷ ಗೋಲ್ಡ್‌ಮನ್ ಸ್ಯಾಕ್ಸ್ ಜೊತೆ ಮಾಡಿಕೊಂಡ ಒಂದು ಕರೆನ್ಸಿ ಸ್ವಾಪ್‌ನಿಂದ, ಅಂದರೆ ನಾಣ್ಯ ಅದಲುಬದಲಿನ ಒಪ್ಪಂದದಿಂದ, ಸಾಲದ ಒಂದು ಭಾಗ ಪುಸ್ತಕದಿಂದ ಮಾಯವಾಗಿತ್ತು. 2009ರ ಅಕ್ಟೋಬರ್‌ನಲ್ಲಿ ಪಾಪಂಡ್ರೆಯು ಗೆದ್ದು ಬಂದು ಕಡತ ತೆಗೆದಾಗ, ಆ ವರ್ಷದ ಕೊರತೆ ಹಿಂದಿನವರು ಹೇಳಿದ್ದರ ಎರಡು ಪಟ್ಟಿಗೂ ಜಾಸ್ತಿ ಇತ್ತು. ಕೊನೆಗೆ ಅದು ಶೇ. 15ರ ಆಚೆ ಹೋಗಿ ನಿಂತಿತು.

ತೆರಿಗೆ ಕಳ್ಳತನದ ಕಥೆಗಳಂತೂ ಒಂದಕ್ಕಿಂತ ಒಂದು ಸ್ವಾರಸ್ಯ. ಅಥೆನ್ಸ್‌ನ ಉತ್ತರದ ಶ್ರೀಮಂತ ಬಡಾವಣೆಗಳಲ್ಲಿ ತೆರಿಗೆ ಕಾಗದದಲ್ಲಿ ಈಜುಕೊಳ ಇದೆ ಅಂತ ಬರೆದುಕೊಂಡವರು 324 ಜನ. ಇಲಾಖೆಯವರು ಉಪಗ್ರಹ ಚಿತ್ರ ತೆಗೆಸಿ ಎಣಿಸಿದರೆ ಸಿಕ್ಕಿದ್ದು 16,974 ಕೊಳ. ಸ್ವಿಸ್ ಬ್ಯಾಂಕೊಂದರಲ್ಲಿ ಖಾತೆ ಇಟ್ಟಿದ್ದ ಸುಮಾರು 2,000 ಗ್ರೀಕರ ಪಟ್ಟಿಯನ್ನು ಫ್ರಾನ್ಸಿನ ಮಂತ್ರಿಯಾಗಿದ್ದ ಕ್ರಿಸ್ಟೀನ್ ಲಗಾರ್ಡ್ ಕಳಿಸಿಕೊಟ್ಟರು. ಎರಡು ವರ್ಷ ಅದರ ಮೇಲೆ ಯಾರೂ ಕೈ ಇಡಲಿಲ್ಲ. ಪಟ್ಟಿಯನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿದ ಸಂಪಾದಕ ಕೋಸ್ಟಾಸ್ ವಾಕ್ಸೆವಾನಿಸ್‌ನನ್ನು ಮಾತ್ರ ತಕ್ಷಣ ಹಿಡಿದರು!

ಆದರೆ ಹಾಸಿಗೆಯ ಮಾತು ಐರ್ಲೆಂಡಿಗೂ ಸ್ಪೇನಿಗೂ ಬರುವ ಹೊತ್ತಿಗೆ ಕೈಕೊಡುತ್ತದೆ. 2007ರಲ್ಲಿ ಸ್ಪೇನ್ ಸರಕಾರದ ಸಾಲ ಜಿಡಿಪಿಯ ಶೇ. 40ಕ್ಕೂ ಕಡಿಮೆ. ಜರ್ಮನಿಗಿಂತ ಅಚ್ಚುಕಟ್ಟು. ಅಲ್ಲಿ ಸಾಲ ಮಾಡಿದ್ದು ಬಿಲ್ಡರ್‌ಗಳು, ಮನೆ ಕೊಂಡವರು. ಸಾಲ ಕೊಟ್ಟಿದ್ದು ಬ್ಯಾಂಕುಗಳು. ಐರ್ಲೆಂಡ್‌ನಲ್ಲೂ ಅಷ್ಟೇ. 2008ರ ಸೆಪ್ಟೆಂಬರ್ ಕೊನೆಯ ಒಂದು ರಾತ್ರಿ ಸರಕಾರ ತನ್ನ ಬ್ಯಾಂಕುಗಳ ಹೊಣೆಯನ್ನೆಲ್ಲ ತಾನೇ ಹೊತ್ತುಕೊಂಡಿತು. ಎರಡು ವರ್ಷದಲ್ಲಿ ಅದರ ಬಜೆಟ್ ಕೊರತೆ ಜಿಡಿಪಿಯ ಶೇ. 30 ದಾಟಿತು. ಇವರ್ಯಾರೂ ಲೆಕ್ಕ ಮುಚ್ಚಿಟ್ಟವರಲ್ಲ. ಸಿಕ್ಕಿಬಿದ್ದದ್ದು ಮಾತ್ರ ಒಂದೇ ಬಲೆಯಲ್ಲಿ.

ಬಲೆ ಹೇಗಿತ್ತು ಅಂದರೆ, ಯೂರೋ ಬಂದ ಮೇಲೆ ಗ್ರೀಸಿಗೂ ಜರ್ಮನಿಗೂ ಸಾಲದ ಬಡ್ಡಿ ಹೆಚ್ಚುಕಡಿಮೆ ಒಂದೇ ಆಯಿತು. ಹಣದ ಮಾರುಕಟ್ಟೆಯ ಬುದ್ಧಿವಂತರೆಲ್ಲ ಇವೆರಡೂ ಒಂದೇ ಅಂದುಕೊಂಡರು. ಒಪ್ಪಂದದಲ್ಲಿ ಮಾತ್ರ ಒಂದು ದೇಶದ ಸಾಲಕ್ಕೆ ಇನ್ನೊಂದು ಹೊಣೆಯಲ್ಲ ಅಂತ ಸ್ಪಷ್ಟವಾಗಿ ಬರೆದಿತ್ತು. ಉತ್ತರದ ಉಳಿತಾಯ ಹೊಳೆಯಾಗಿ ದಕ್ಷಿಣಕ್ಕೆ ಹರಿಯಿತು. ಜರ್ಮನ್, ಫ್ರೆಂಚ್ ಬ್ಯಾಂಕುಗಳು ಕೇಳಿದಷ್ಟು ಕೊಟ್ಟವು. ಕೊಡುವಾಗ ಯಾರೂ ಈಜುಕೊಳ ಎಣಿಸಲಿಲ್ಲ. 2008ರ ಜಾಗತಿಕ ಕುಸಿತದ ನಂತರ ಹೊಳೆ ನಿಂತಿತು. ಆಗ ಎಲ್ಲರಿಗೂ ಒಮ್ಮೆಲೇ ಅರಿವಾಯಿತು: ನಾಣ್ಯ ಒಂದೇ ಆದರೂ ಬೊಕ್ಕಸಗಳು ಬೇರೆ ಬೇರೆ.

ಇಲ್ಲಿ 1991ರ ಭಾರತವನ್ನು ನೆನಪಿಸಿಕೊಳ್ಳದೆ ಇರಲು ಆಗುವುದಿಲ್ಲ. ನಮ್ಮದೂ ಆಗ ಅದೇ ಸ್ಥಿತಿ. ಕೆಲವು ವಾರಗಳ ಆಮದಿಗೆ ಸಾಕಾಗುವಷ್ಟು ಮಾತ್ರ ಡಾಲರ್. ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನ ಅಡವಿಟ್ಟು ವಿಮಾನದಲ್ಲಿ ಲಂಡನ್ನಿಗೆ ಕಳಿಸಿದ್ದು ಆಗಲೇ. ಐಎಂಎಫ್ ಬಾಗಿಲು ನಾವೂ ತಟ್ಟಿದೆವು. ಜುಲೈ ಮೊದಲ ವಾರದಲ್ಲಿ, ಒಂದು ದಿನ ಬಿಟ್ಟು ಒಂದು ದಿನ, ಎರಡು ಸಲ ರೂಪಾಯಿಯ ಬೆಲೆ ಇಳಿಸಿದರು. ಎರಡೂ ಸೇರಿ ಹತ್ತಿರ ಹತ್ತಿರ ಐದನೇ ಒಂದು ಭಾಗ.

ಅದರಿಂದ ಜನಕ್ಕೆ ನೋವಾಗಲಿಲ್ಲ ಅಂತಲ್ಲ. ಬೆಲೆ ಏರಿತು, ಎಲ್ಲರ ಸಂಬಳದ ಕಸುವು ಕುಗ್ಗಿತು. ಆದರೆ ನಮ್ಮಪ್ಪನ ಸಂಬಳದ ಚೀಟಿಯಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ಯಾರ ಪಿಂಚಣಿ ಎಷ್ಟು ಕಡಿಯಬೇಕು ಅಂತ ಸಂಸತ್ತಿನಲ್ಲಿ ಯಾರೂ ಕೈ ಎತ್ತಬೇಕಾಗಿ ಬರಲಿಲ್ಲ. ನೋವು ಎಲ್ಲರ ಮೇಲೂ ಮಳೆಯಂತೆ ಬಿತ್ತು. ಯಾರನ್ನು ಬೈಯಬೇಕು ಅನ್ನೋದೇ ಸ್ಪಷ್ಟ ಇರಲಿಲ್ಲ. ಹೊರದೇಶದವರಿಗೆ ನಮ್ಮ ಸರಕು ಅಗ್ಗವಾಯಿತು, ಬಂಡಿ ಮೆಲ್ಲಗೆ ಮುಂದಕ್ಕೆ ಸರಿಯಿತು.

ಗ್ರೀಸಿಗೆ ಈ ದಾರಿ ಇರಲಿಲ್ಲ. ತನ್ನ ದ್ರಾಕ್ಮಾವನ್ನು 340.75ಕ್ಕೆ ಒಂದು ಯೂರೋ ಲೆಕ್ಕದಲ್ಲಿ ಕೊಟ್ಟು ಮುಗಿಸಿತ್ತು. ನಾಣ್ಯದ ಬೆಲೆ ಇಳಿಸಲಾಗದಿದ್ದರೆ ಇಳಿಸಬೇಕಾದದ್ದು ಜನರ ಬೆಲೆಯನ್ನೇ. ಅದನ್ನು ಕದ್ದುಮುಚ್ಚಿ ಮಾಡಲು ಬರುವುದಿಲ್ಲ. ಒಬ್ಬೊಬ್ಬರ ಸಂಬಳಕ್ಕೂ ಒಂದೊಂದು ಕಾನೂನು, ಒಂದೊಂದು ಮತದಾನ, ಒಂದೊಂದು ಸಹಿ. ನನ್ನ ಮಟ್ಟಿಗೆ ಯೂರೋ ಬಿಕ್ಕಟ್ಟಿನ ರಾಜಕೀಯವೆಲ್ಲ ಇಲ್ಲಿಂದಲೇ ಹೊರಟದ್ದು. ಬೆಲೆಯೇರಿಕೆಯ ಸಿಟ್ಟಿಗೆ ವಿಳಾಸ ಇರುವುದಿಲ್ಲ. ಪಿಂಚಣಿ ಕಡಿದವರ ವಿಳಾಸ ಎಲ್ಲರಿಗೂ ಗೊತ್ತಿರುತ್ತದೆ.

ಕಡಿತಗಳು ಹೇಗಿದ್ದವು ನೋಡಿ. 2012ರ ಫೆಬ್ರುವರಿಯಲ್ಲಿ ಕನಿಷ್ಠ ವೇತನ ತಿಂಗಳಿಗೆ 751 ಯೂರೋದಿಂದ 586ಕ್ಕೆ ಇಳಿಯಿತು. ಶೇ. 22. ವಯಸ್ಸು 25ರ ಒಳಗಿದ್ದರೆ ಶೇ. 32. ಪಿಂಚಣಿಗೆ ಕತ್ತರಿ ಒಂದು ಸಲ ಅಲ್ಲ, ಹತ್ತಾರು ಸಲ. ಆಸ್ತಿ ತೆರಿಗೆ ಯಾರೂ ಕಟ್ಟುವುದಿಲ್ಲ ಅಂತ ಗೊತ್ತಿದ್ದ ಸರಕಾರ 2011ರಲ್ಲಿ ಹೊಸ ತೆರಿಗೆಯನ್ನು ಕರೆಂಟ್ ಬಿಲ್ಲಿಗೇ ಅಂಟಿಸಿಬಿಟ್ಟಿತು. ತೆರಿಗೆ ಕಟ್ಟದಿದ್ದರೆ ಮನೆ ಕತ್ತಲು.

ಚಳಿಗಾಲದಲ್ಲಿ ಮನೆ ಬಿಸಿಮಾಡುವ ಎಣ್ಣೆಗೂ 2012ರಲ್ಲಿ ವಾಹನದ ಡೀಸೆಲ್‌ನಷ್ಟೇ ತೆರಿಗೆ ಬಿತ್ತು. ಅಪಾರ್ಟ್‌ಮೆಂಟುಗಳಲ್ಲಿ ಎಣ್ಣೆ ಕೊಳ್ಳಲು ದುಡ್ಡು ಒಟ್ಟಾಗಲಿಲ್ಲ. ಜನ ಮರ ಕಡಿದರು, ಹಳೇ ಪೀಠೋಪಕರಣ ಒಡೆದು ಉರಿಸಿದರು. ಬಣ್ಣ ಬಳಿದ, ವಾರ್ನಿಷ್ ಹಚ್ಚಿದ ಕಟ್ಟಿಗೆ. ಆ ಚಳಿಗಾಲದ ರಾತ್ರಿಗಳಲ್ಲಿ ಅಥೆನ್ಸ್ ಮೇಲೆ ಹೊಗೆಯ ಚಾದರ ಕವಿದುಕೊಳ್ಳುತ್ತಿತ್ತು. ಯುರೋಪಿನ ಒಂದು ರಾಜಧಾನಿ ಸೌದೆ ಒಲೆಗೆ ವಾಪಸ್ ಹೋಗಿತ್ತು. ಅಷ್ಟು ಮಾಡಿದ ಮೇಲೂ ಎಣ್ಣೆ ತೆರಿಗೆಯಿಂದ ಬಂದ ಆದಾಯ ನಿರೀಕ್ಷೆಯ ಹತ್ತಿರಕ್ಕೂ ಬರಲಿಲ್ಲ. ಕೊಳ್ಳುವವರೇ ಇಲ್ಲದ ಮೇಲೆ ತೆರಿಗೆ ಎಲ್ಲಿಂದ?

ಹಾಸಿಗೆ ಗಾದೆಯ ತೊಂದರೆಯೂ ಇದೇ. ಹಾಸಿಗೆಯ ಉದ್ದ ಮಾರ್ಪಡುವುದಿಲ್ಲ ಅಂತ ಅದು ನಂಬಿಕೊಂಡಿದೆ. ಒಂದು ಮನೆಯ ಮಟ್ಟಿಗೆ ಸರಿ, ನಾನು ಖರ್ಚು ಕಡಿಮೆ ಮಾಡಿದರೆ ನನ್ನ ಸಂಬಳ ಇಳಿಯುವುದಿಲ್ಲ. ಇಡೀ ದೇಶ ಒಟ್ಟಿಗೇ ಖರ್ಚು ನಿಲ್ಲಿಸಿದರೆ ಒಬ್ಬರ ಖರ್ಚೇ ಇನ್ನೊಬ್ಬರ ಸಂಬಳ ಅನ್ನೋದು ಹೊರಬೀಳುತ್ತದೆ. ಗ್ರೀಸ್ ಕಾಲು ಮಡಿಚಿದಷ್ಟೂ ಹಾಸಿಗೆ ಗಿಡ್ಡವಾಯಿತು. 2009ರಲ್ಲಿ ಜಿಡಿಪಿಯ ಶೇ. 127ರ ಆಸುಪಾಸಿನಲ್ಲಿದ್ದ ಸಾಲ ಎರಡೇ ವರ್ಷಕ್ಕೆ ಶೇ. 170 ದಾಟಿತು. 2013ರಲ್ಲಿ ನಿರುದ್ಯೋಗ ಶೇ. 27. ಯುವಕರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಕೆಲಸ ಇಲ್ಲ. ಐಎಂಎಫ್‌ನ ಮುಖ್ಯ ಅರ್ಥಶಾಸ್ತ್ರಜ್ಞ ಒಲಿವಿಯೆ ಬ್ಲಾಂಷಾರ್ ಅದೇ ವರ್ಷ ಸಹೋದ್ಯೋಗಿ ಡೇನಿಯಲ್ ಲೀ ಜೊತೆ ಒಂದು ಪ್ರಬಂಧ ಬರೆದರು. ಖರ್ಚು ಕಡಿತದಿಂದ ಆಗುವ ಹೊಡೆತವನ್ನು ಮುನ್ನಂದಾಜುಗಳು ತೀರಾ ಕಡಿಮೆ ಲೆಕ್ಕ ಹಾಕಿದ್ದವು ಅಂತ ಅದರಲ್ಲಿ ಒಪ್ಪಿಕೊಂಡರು. ಒಪ್ಪಿಕೊಂಡರು, ಸರಿ. ಕಾರ್ಯಕ್ರಮ ನಿಲ್ಲಲಿಲ್ಲ.

ಸಾಲದ ಹಣ ಎಲ್ಲಿಗೆ ಹೋಯಿತು ಅಂತ ಕೇಳಬೇಕಲ್ವಾ? 2010ರಲ್ಲಿ 110 ಬಿಲಿಯನ್ ಯೂರೋ, 2012ರಲ್ಲಿ ಇನ್ನೂ 130 ಬಿಲಿಯನ್. ಕೇಳಿದವರಿಗೆ ಗ್ರೀಕರು ಆ ದುಡ್ಡಲ್ಲಿ ಮಜಾ ಮಾಡಿದರು ಅನ್ನಿಸಬಹುದು. ಅದರ ದೊಡ್ಡ ಪಾಲು ಹೋದದ್ದು ಹಳೇ ಸಾಲದ ಕಂತು, ಬಡ್ಡಿ, ಮತ್ತು ಬ್ಯಾಂಕುಗಳಿಗೆ ಹೊಸ ಬಂಡವಾಳಕ್ಕೆ. 2012ರ ಮಾರ್ಚ್‌ನಲ್ಲಿ ಸಾಲ ಕೊಟ್ಟಿದ್ದ ಖಾಸಗಿಯವರ ಬಾಂಡ್‌ಗಳ (ಸಾಲಪತ್ರಗಳ) ಮುಖಬೆಲೆ ಶೇ. 53.5ರಷ್ಟು ಕಡಿದರು, ನಿಜ. ಆದರೆ ನಡುವೆ ಸಿಕ್ಕ ಎರಡು ವರ್ಷದಲ್ಲಿ ಪರದೇಶದ ಬ್ಯಾಂಕುಗಳು ಬೇಕಾದಷ್ಟು ಹಣ ವಾಪಸ್ ತೆಗೆದುಕೊಂಡು ಹೊರಗೆ ನಿಂತಿದ್ದವು. ಬ್ಯಾಂಕಿಗೆ ಕೊಡಬೇಕಿದ್ದ ಸಾಲ ಮೆಲ್ಲಗೆ ಜರ್ಮನಿಯ, ಫ್ರಾನ್ಸಿನ, ಇಟಲಿಯ ತೆರಿಗೆದಾರರಿಗೆ ಕೊಡಬೇಕಾದ ಸಾಲವಾಗಿ ಬದಲಾಯಿತು. ಮೊದಲು ಗ್ರೀಸ್ ಒಂದು ಕಡೆ, ಬ್ಯಾಂಕುಗಳು ಇನ್ನೊಂದು ಕಡೆ ಇದ್ದ ಜಗಳ ಈಗ ಜನ ಮತ್ತು ಜನರ ನಡುವಿನ ಜಗಳವಾಯಿತು. ಇದಕ್ಕಿಂತ ಕೆಟ್ಟ ರಾಜಕೀಯ ಬೇಕೆಂದೇ ಹುಡುಕಿದರೂ ಸಿಗುತ್ತಿರಲಿಲ್ಲ.

ಜರ್ಮನಿಯವರನ್ನು ಖಳನಾಯಕರು ಮಾಡುವುದು ಸುಲಭ. ಹಣಕಾಸು ಮಂತ್ರಿ ವೋಲ್ಫ್‌ಗಾಂಗ್ ಶಾಯ್ಬ್ಲೆ ಮುಖವೂ ಅದಕ್ಕೆ ಹೊಂದುತ್ತಿತ್ತು ಅನ್ನಿ. 1953ರಲ್ಲಿ ಲಂಡನ್ ಒಪ್ಪಂದದಲ್ಲಿ ಜರ್ಮನಿಯ ಹಳೇ ಸಾಲದ ಅರ್ಧದಷ್ಟನ್ನು ಮನ್ನಾ ಮಾಡಿದ ದೇಶಗಳಲ್ಲಿ ಗ್ರೀಸೂ ಇತ್ತು ಅನ್ನೋದು ಅಥೆನ್ಸ್‌ನ ಪ್ರತಿಭಟನೆಗಳಲ್ಲಿ ಮತ್ತೆ ಮತ್ತೆ ಕೇಳಿಬಂತು. ನನಗೆ ಜಾಸ್ತಿ ಕಾಡಿದ್ದು ಜರ್ಮನಿಯಲ್ಲ, ಸ್ಲೊವಾಕಿಯ. ಅಲ್ಲಿನ ಜನ ಗ್ರೀಕರಿಗಿಂತ ಬಡವರು. ಸಂಬಳ, ಪಿಂಚಣಿ ಎಲ್ಲ ಕಡಿಮೆ. ನಮಗಿಂತ ಅನುಕೂಲಸ್ಥರಿಗೆ ನಾವೇಕೆ ಸಾಲ ಕೊಡಬೇಕು ಅಂತ 2010ರಲ್ಲಿ ಕೊಡಲು ನಿರಾಕರಿಸಿದರು. ಮರುವರ್ಷ ಯೂರೋ ರಕ್ಷಣಾ ನಿಧಿಯ ಮತದಾನದಲ್ಲಿ ಪ್ರಧಾನಿ ಇವೆಟಾ ರಾಡಿಚೊವಾ ಸರಕಾರವೇ ಬಿದ್ದುಹೋಯಿತು. ಇವರಿಗೆ ಏನು ಹೇಳೋದು? ಅವರ ಪ್ರಶ್ನೆ ನ್ಯಾಯವಾದದ್ದೇ.

ಎರಡೂ ಕಡೆಯ ಪ್ರಶ್ನೆ ನ್ಯಾಯವಾಗಿದ್ದು, ಉತ್ತರ ಹೇಳುವ ಜಾಗವೇ ಇಲ್ಲದಿದ್ದರೆ ಏನಾಗುತ್ತದೆ ಅಂತ ಗ್ರೀಸಿನ ಚುನಾವಣೆಗಳು ತೋರಿಸಿದವು. 2009ರಲ್ಲಿ ಪಾಪಂಡ್ರೆಯು ಪಕ್ಷ ಪಾಸೋಕ್‌ಗೆ ಸುಮಾರು ಶೇ. 44 ಮತ. 2012ರ ಮೇ ತಿಂಗಳಲ್ಲಿ ಶೇ. 13. 2015ರ ಜನವರಿಯಲ್ಲಿ ಶೇ. 5ಕ್ಕೂ ಕಡಿಮೆ. ಮೂರು ದಶಕ ದೇಶವನ್ನು ಸರದಿಯಲ್ಲಿ ಆಳಿದ ಪಕ್ಷ ಅದು. ಅದೇ 2012ರಲ್ಲಿ ಗೋಲ್ಡನ್ ಡಾನ್ ಅನ್ನೋ ನವನಾಜಿ ಗುಂಪು ಶೇ. 7ರಷ್ಟು ಮತ ಪಡೆದು ಸಂಸತ್ತಿಗೆ ಬಂತು. ಬೀದಿಯಲ್ಲಿ ವಲಸಿಗರಿಗೆ ಹೊಡೆಯುತ್ತಿದ್ದವರು ಇವರು. 2013ರಲ್ಲಿ ಇವರಲ್ಲೊಬ್ಬನ ಕೈಯಲ್ಲಿ ಪಾವ್ಲೊಸ್ ಫಿಸ್ಸಾಸ್ ಎಂಬ ರ‍್ಯಾಪ್ ಗಾಯಕನ ಕೊಲೆಯಾಯಿತು. ಗೋಲ್ಡನ್ ಡಾನ್ ಒಂದು ಅಪರಾಧಿಗಳ ಕೂಟ ಅಂತ ನ್ಯಾಯಾಲಯ ತೀರ್ಪು ಕೊಟ್ಟಿದ್ದು 2020ರಲ್ಲಿ. ಜರ್ಮನಿಯಲ್ಲಿ ಎಎಫ್‌ಡಿ ಪಕ್ಷ ಹುಟ್ಟಿದ್ದೂ 2013ರಲ್ಲೇ, ದಕ್ಷಿಣದವರಿಗೆ ನಮ್ಮ ದುಡ್ಡು ಕೊಡಬೇಡಿ ಅನ್ನೋ ಕೂಗಿನಿಂದ. ವಲಸೆ ವಿರೋಧ ಆಮೇಲೆ ಸೇರಿಕೊಂಡದ್ದು.

ಇನ್ನು 2015ರ ಬೇಸಿಗೆ. ಜನವರಿಯಲ್ಲಿ ಎಡಪಕ್ಷ ಸಿರಿಜಾ ಗೆದ್ದು ಸಿಪ್ರಾಸ್ ಪ್ರಧಾನಿಯಾಗಿದ್ದರು. ಯಾನಿಸ್ ವರೂಫಾಕಿಸ್ ಹಣಕಾಸು ಮಂತ್ರಿ. ಐದು ತಿಂಗಳ ಚೌಕಾಸಿ ಮುರಿದುಬಿತ್ತು. ಸಾಲ ಕೊಟ್ಟವರ ಷರತ್ತು ಒಪ್ಪಬೇಕೋ ಬೇಡವೋ, ಜನರನ್ನೇ ಕೇಳುತ್ತೇನೆ ಅಂತ ಜೂನ್ ಕೊನೆಯಲ್ಲಿ ಸಿಪ್ರಾಸ್ ಘೋಷಿಸಿದರು. ಜನ ಎಟಿಎಂಗೆ ಓಡಿದರು. ಯುರೋಪಿನ ಕೇಂದ್ರ ಬ್ಯಾಂಕ್ ಗ್ರೀಸಿನ ಬ್ಯಾಂಕುಗಳಿಗೆ ಕೊಡುತ್ತಿದ್ದ ತುರ್ತು ಹಣವನ್ನು ಇದ್ದಷ್ಟಕ್ಕೇ ನಿಲ್ಲಿಸಿತು. ಬ್ಯಾಂಕುಗಳಿಗೆ ಬೀಗ. ದಿನಕ್ಕೆ 60 ಯೂರೋ ಮಾತ್ರ. ಕಾರ್ಡ್ ಇಲ್ಲದ ಪಿಂಚಣಿದಾರರಿಗಾಗಿ ಕೆಲವು ಶಾಖೆಗಳನ್ನಷ್ಟೇ ತೆರೆದು, ವಾರಕ್ಕೆ 120 ಯೂರೋ ಕೊಟ್ಟರು.

ಜುಲೈ 3ರ ಒಂದು ಫೋಟೊ ಇದೆ, ಥೆಸಲೊನೀಕಿ ನಗರದ್ದು. ಬ್ಯಾಂಕಿನ ಮುಂದೆ ಒಬ್ಬ ಮುದುಕ ನೆಲದ ಮೇಲೆ ಕುಸಿದು ಕೂತು ಅಳುತ್ತಿದ್ದಾನೆ. ಪಾಸ್‌ಬುಕ್, ಗುರುತಿನ ಚೀಟಿ ಪಕ್ಕದಲ್ಲಿ ಬಿದ್ದಿವೆ. ಹೆಂಡತಿಯ ಪಿಂಚಣಿಯ 120 ಯೂರೋಗಾಗಿ ಅವನು ಮೂರು ಬ್ಯಾಂಕು ಅಲೆದು ನಾಲ್ಕನೆಯದಕ್ಕೆ ಬಂದಿದ್ದ. ಅಲ್ಲೂ ಇಲ್ಲ ಅಂದರು. 2016ರ ನವೆಂಬರ್‌ನಲ್ಲಿ ನಾವೂ ಬ್ಯಾಂಕಿನ ಮುಂದೆ ನಿಂತೆವಲ್ಲ, ಆಗ ನನಗೆ ಈ ಫೋಟೊ ನೆನಪಾಗಿತ್ತು. ಆದರೆ ನಮ್ಮಲ್ಲಿ ನೋಟು ರದ್ದು ಮಾಡಿದ್ದು ನಾವೇ ಆರಿಸಿದ ಸರಕಾರ, ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಅದು ನಮ್ಮ ಮುಂದೆಯೇ ಬರಬೇಕಿತ್ತು. ಆ ಮುದುಕನ ದುಡ್ಡು ನಿಲ್ಲಿಸಿದ ನಿರ್ಧಾರ ಯುರೋಪಿನ ಕೇಂದ್ರ ಬ್ಯಾಂಕ್ ಇರುವ ಫ್ರಾಂಕ್‌ಫರ್ಟ್‌ನಲ್ಲಿ ಆದದ್ದು. ಅಲ್ಲಿ ಅವನಿಗೆ ಮತ ಇಲ್ಲ.

ಜುಲೈ 5ರಂದು ಶೇ. 61ಕ್ಕೂ ಜಾಸ್ತಿ ಜನ 'ಬೇಡ' ಅಂದರು. ಅಥೆನ್ಸ್‌ನ ಸಿಂಟಗ್ಮಾ ಚೌಕದಲ್ಲಿ ರಾತ್ರಿಯೆಲ್ಲ ಕುಣಿದರು. ಮರುದಿನವೇ ವರೂಫಾಕಿಸ್ ರಾಜೀನಾಮೆ. ಒಂದು ವಾರ ಕಳೆದು ಬ್ರಸೆಲ್ಸ್‌ನಲ್ಲಿ ರಾತ್ರಿಯಿಡೀ, 17 ಗಂಟೆ ನಡೆದ ಸಭೆಯ ಕೊನೆಗೆ ಸಿಪ್ರಾಸ್ ಸಹಿ ಹಾಕಿದ ಷರತ್ತುಗಳು ಜನ ಬೇಡ ಅಂದಿದ್ದಕ್ಕಿಂತ ಬಿಗಿ. ಅದರ ಮೇಲೆ ನಿಂತದ್ದು 86 ಬಿಲಿಯನ್‌ನ ಮೂರನೇ ಸಾಲ. ಸಿಪ್ರಾಸ್ ಮೋಸ ಮಾಡಿದರು ಅನ್ನುವವರಿದ್ದಾರೆ. ಬೇರೆ ದಾರಿ ಏನಿತ್ತು ಅಂತ ಅವರೂ ಹೇಳುವುದಿಲ್ಲ. ಯೂರೋ ಬಿಟ್ಟರೆ ಆಮದಿನ ಔಷಧಿಗೂ ದುಡ್ಡಿರುತ್ತಿರಲಿಲ್ಲ. ಯೂರೋ ಬಿಡಬೇಕು ಅಂತ 'ಬೇಡ' ಅಂದವರಲ್ಲೂ ಬಹುಪಾಲು ಜನಕ್ಕೆ ಇರಲಿಲ್ಲ.

ಇಷ್ಟೆಲ್ಲ ತಪ್ಪಿಸಲಾಗದ್ದೇ ಆಗಿತ್ತಾ? ನನಗೆ ಹಾಗನ್ನಿಸುವುದಿಲ್ಲ. 2012ರ ಜುಲೈ 26ರಂದು ಯುರೋಪಿನ ಕೇಂದ್ರ ಬ್ಯಾಂಕಿನ ಅಧ್ಯಕ್ಷ ಮಾರಿಯೊ ದ್ರಾಗಿ ಲಂಡನ್‌ನಲ್ಲಿ ಒಂದು ಮಾತು ಹೇಳಿದರು. ಯೂರೋ ಉಳಿಸಲು ನಮ್ಮ ಅಧಿಕಾರದ ಒಳಗೆ ಏನು ಬೇಕಾದರೂ ಮಾಡುತ್ತೇವೆ, ನಂಬಿ, ಅದು ಸಾಕಾಗುತ್ತದೆ. ಅಷ್ಟೇ. ಇಟಲಿ, ಸ್ಪೇನ್‌ಗಳ ಬಡ್ಡಿ ಇಳಿಯತೊಡಗಿತು. ಅದರ ಹಿಂದೆಯೇ ಘೋಷಿಸಿದ ಬಾಂಡ್ ಖರೀದಿ ಯೋಜನೆಯನ್ನು ಒಮ್ಮೆಯೂ ಬಳಸಬೇಕಾಗಲಿಲ್ಲ. ಅದೇ ಮಾತನ್ನು 2010ರಲ್ಲಿ ಹೇಳಿದ್ದರೆ? ಹೇಳುವುದಿರಲಿ, 2011ರಲ್ಲಿ ಅದೇ ಬ್ಯಾಂಕ್ ಎರಡು ಸಲ ಬಡ್ಡಿ ಏರಿಸಿತ್ತು.

ನಮ್ಮ ರೂಪಾಯಿಯೂ ಒಂದು ಬಗೆಯ ನಾಣ್ಯ ಒಕ್ಕೂಟವೇ. ಬಿಹಾರಕ್ಕೂ ಕರ್ನಾಟಕಕ್ಕೂ ಒಂದೇ ನೋಟು. ಕೊಟ್ಟಿದ್ದಕ್ಕೆ ತಕ್ಕ ಪಾಲು ವಾಪಸ್ ಬರುತ್ತಿಲ್ಲ ಅಂತ ನಮ್ಮ ಗೊಣಗಾಟ ಇದ್ದೇ ಇದೆ. ರಾಜ್ಯಗಳಿಗೆ ಹಂಚುವ ಕೇಂದ್ರದ ತೆರಿಗೆಯಲ್ಲಿ, ಹದಿನಾಲ್ಕನೇ ಹಣಕಾಸು ಆಯೋಗದಲ್ಲಿ ಶೇ. 4.713 ಇದ್ದ ಕರ್ನಾಟಕದ ಪಾಲು ಹದಿನೈದನೆಯದರಲ್ಲಿ ಶೇ. 3.647ಕ್ಕೆ ಇಳಿಯಿತು. 2024ರ ಫೆಬ್ರುವರಿಯಲ್ಲಿ ಮುಖ್ಯಮಂತ್ರಿಯೇ ಮಂತ್ರಿಗಳನ್ನು ಕರೆದುಕೊಂಡು ದಿಲ್ಲಿಯ ಜಂತರ್ ಮಂತರ್‌ನಲ್ಲಿ ಕೂತರು. ಆ ದೂರು ನನಗೂ ಸರಿ ಅನ್ನಿಸುತ್ತದೆ. ಆದರೆ ಗಮನಿಸಿ, ಬಿಹಾರಕ್ಕೆ ಹೋಗುವ ಆ ಪಾಲನ್ನು ಯಾರೂ ಸಾಲ ಅನ್ನುವುದಿಲ್ಲ. ಅಲ್ಲಿನ ಸರಕಾರದ ಕೈ ಖಾಲಿಯಾದರೆ ಅಲ್ಲಿನ ಬ್ಯಾಂಕಿಗೆ ಬೀಗ ಬೀಳುವುದಿಲ್ಲ. ಅವರ ಪಿಂಚಣಿ ಇಷ್ಟು ಕಡಿಯಿರಿ ಅಂತ ಬೆಂಗಳೂರಿನಿಂದ ಅಧಿಕಾರಿಗಳು ಸೂಟ್‌ಕೇಸ್ ಹಿಡಿದು ಪಟ್ನಾಕ್ಕೆ ಹೋಗುವುದಿಲ್ಲ. ಎಷ್ಟು ಪಾಲು ಅಂತ ಜಗಳ ಆಡಲು ನಮಗೆ ಒಂದು ಆಯೋಗ ಇದೆ, ಒಂದು ಸಂಸತ್ತು ಇದೆ. ಯೂರೋದವರಿಗೆ ಆ ಜಗಳ ಆಡಲೂ ಸರಿಯಾದ ಜಗಲಿ ಇರಲಿಲ್ಲ.

2020ರಲ್ಲಿ ಕೋವಿಡ್ ಬಂದಾಗ ಅದೇ ಯುರೋಪ್ ಒಟ್ಟಾಗಿ 750 ಬಿಲಿಯನ್ ಯೂರೋ ಸಾಲ ಎತ್ತಲು ಒಪ್ಪಿತು. ಅದರಲ್ಲಿ ದೊಡ್ಡ ಭಾಗ ವಾಪಸ್ ಕೊಡಬೇಕಿಲ್ಲದ ನೆರವು. ಬಿಕ್ಕಟ್ಟಿನ ದಿನಗಳಲ್ಲಿ ಸಾಧ್ಯವೇ ಇಲ್ಲ ಅಂದಿದ್ದರು ಜರ್ಮನಿಯ ಚಾನ್ಸಲರ್ ಆಗಿದ್ದ ಏಂಜೆಲಾ ಮೆರ್ಕೆಲ್. 2020ರಲ್ಲಿ ಒಪ್ಪಿದವರೂ ಅವರೇ. ಕಾಯಿಲೆಗೆ ಯಾರೂ ಸೋಮಾರಿತನದ ಆರೋಪ ಹೊರಿಸಲು ಬರುವುದಿಲ್ಲ, ಅದೇ ಕಾರಣ ಇರಬೇಕು.

ಗ್ರೀಸ್ ಈಗ ಮಾರುಕಟ್ಟೆಯವರ ಕಣ್ಣಲ್ಲಿ ಒಳ್ಳೆಯ ಹುಡುಗ. 2023ರಲ್ಲಿ ಹೂಡಿಕೆಗೆ ಯೋಗ್ಯ ಅನ್ನೋ ದರ್ಜೆ ಮರಳಿ ಸಿಕ್ಕಿತು. ಸಾಲದ ಪ್ರಮಾಣ ವೇಗವಾಗಿ ಇಳಿಯುತ್ತಿದೆ, ಆದರೂ ಕೆಲವು ಕಂತುಗಳು 2070ರ ತನಕ ಇವೆ. ಕನಿಷ್ಠ ವೇತನ 2012ರ ಆ 751 ಯೂರೋವನ್ನು ಮತ್ತೆ ದಾಟಿದ್ದು 2023ರ ಏಪ್ರಿಲ್‌ನಲ್ಲಿ. ಪಿರೇಯಸ್ ಬಂದರಿನ ಕಂಪನಿಯಲ್ಲಿ ಬಹುಪಾಲು ಷೇರು ಚೀನಾದ ಕಾಸ್ಕೊ ಕೈಲಿದೆ. ಹದಿನಾಲ್ಕು ವಿಮಾನ ನಿಲ್ದಾಣ ನಡೆಸುವುದು ಜರ್ಮನಿಯ ಫ್ರಾಪೋರ್ಟ್ ಕಂಪನಿ ಮುಂದಾಳಾಗಿರುವ ಕೂಟ.

ಬಿಕ್ಕಟ್ಟಿನಲ್ಲಿ ದೇಶ ಬಿಟ್ಟವರು 4 ಲಕ್ಷಕ್ಕೂ ಹೆಚ್ಚು. ಹೆಚ್ಚಿನವರು ಓದಿದವರು, ವೈದ್ಯರು, ಎಂಜಿನಿಯರ್‌ಗಳು, ದುಡಿಯುವ ವಯಸ್ಸಿನವರು. ಎಷ್ಟೋ ಜನ ಹೋದದ್ದು ಜರ್ಮನಿಗೇ. ಅವರನ್ನು ವಾಪಸ್ ಕರೆಯಲು ಸರಕಾರ ಏಳು ವರ್ಷ ಅರ್ಧ ಆದಾಯಕ್ಕೆ ತೆರಿಗೆ ಬಿಡುತ್ತೇವೆ ಅಂತ ಕಾನೂನು ಮಾಡಿದೆ. ಕೆಲವರು ಬರುತ್ತಲೂ ಇದ್ದಾರೆ. ಬಂದವರಿಗೆ ಅಥೆನ್ಸ್‌ನಲ್ಲಿ ಬಾಡಿಗೆ ಮನೆ ಸಿಗುವುದು ಕಷ್ಟವಾಗಿದೆ. 2013ರಲ್ಲಿ, ಕೈಯಲ್ಲಿ ಕಾಸಿಲ್ಲದಾಗ, ಎರಡೂವರೆ ಲಕ್ಷ ಯೂರೋದ ಮನೆ ಕೊಂಡ ಹೊರದೇಶದವರಿಗೆ ವಾಸದ ಪರವಾನಗಿ ಕೊಡುತ್ತೇವೆ ಅಂತ ಇದೇ ಸಂಸತ್ತು ಒಂದು ಕಾನೂನು ಮಾಡಿತ್ತು. ಹಾಗೆ ಮಾರಾಟವಾದ ಫ್ಲ್ಯಾಟುಗಳಲ್ಲಿ ಎಷ್ಟೋ ಏರ್‌ಬಿಎನ್‌ಬಿಯಲ್ಲಿ ಪ್ರವಾಸಿಗರಿಗೆ ದಿನಬಾಡಿಗೆಗೆ ಹೋದವು.